ಮೂಗು ತೆಗೆದ ಚಿತ್ತಯ್ಯ

ಕಲಾವಿದರನ್ನು ದೂರದಿಂದ ಗೌರವಿಸುವುದು ಸುಲಭ. ಕಾಂಪೌಂಡಿಗೆ ಕಾಂಪೌಂಡು ತಗುಲಿಸಿಕೊಂಡು ಗೌರವಿಸಲು ದೊಡ್ಡ ಮನಸ್ಸು ಬೇಕು, ಅದು ನನ್ನಲ್ಲಿಲ್ಲ. ಹೊಳಲ್ಕೆರೆಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಿಲ್ಪಿ ಚಿತ್ತಯ್ಯ ತಗಡಿನ ಶೆಡ್ಡು ಹಾಕಿದ ಮೇಲೆ ಈ ಸತ್ಯ ಗೊತ್ತಾಯಿತು. ಅವನು ಧರ್ಮಪುರದ ಕಡೆಯ ಕುರಿ ಕಾಯುವ ಮನೆತನದವನು; ಶಿಲ್ಪಕಲೆಯಲ್ಲಿ ದೊಡ್ಡ ಡಿಗ್ರಿ ಮಾಡಿಕೊಂಡು ಬಂದಿದ್ದ. ಶಿಲ್ಪಿಯೆಂದರೆ ಉಳಿ, ಸುತ್ತಿಗೆ, ಇಂಪಾದ ಟಿಣ್ ಟಿಣ್ ಎಂದುಕೊಂಡಿದ್ದೆ. ಇವನದು ಕಲ್ಲು ಕೊಯ್ಯುವ ಕರೆಂಟಿನ ಮಿಷನ್ನು. ಅದು ಅರಚಿದರೆ ನಮ್ಮ ಅಡಿಗೆಮನೆಯ ಲೋಟಗಳು ನಡುಗುತ್ತಿದ್ದವು, ಧೂಳೆಲ್ಲ ಮಹಡಿಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆ ಕೂರುತ್ತಿತ್ತು. "ಇದನ್ನ ಕರಿಯೋಕಾಗಲ್ಲ ಕಣ್ರೀ, ಅಂಗಳಕ್ಕೆ ಹಾಸಬೇಕಷ್ಟೆ" ಎಂದಳು ನನ್ನ ಹೆಂಡತಿ ಸರೋಜ.

ಒಂದು ಭಾನುವಾರ ತೋಳೇರಿಸಿಕೊಂಡು ಜಗಳಕ್ಕೆ ಹೋದೆ. ಚಿತ್ತಯ್ಯ ಮಿಷನ್ನು ನಿಲ್ಲಿಸಿ, ಸಂತೆಯಲ್ಲಿ ಟಗರು ನೋಡುವವನಂತೆ ನನ್ನನ್ನು ಎರಡು ಸುತ್ತು ಸುತ್ತಿದ. ಆಮೇಲೆ, "ಸಾ, ನಿಮ್ಮನ್ನ ಕಲ್ಲಾಗೆ ಮಾಡ್ಬೇಕು ಅನ್ನಿಸ್ತೈತೆ. ಕುಂತ್ಕಳ್ರಿ" ಎಂದ.

ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಕುಳಿತೆ. ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ಆಯುಷ್ಯ ಸವೆಸಿದವನು ನಾನು. ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ ಒಮ್ಮೆ ನನ್ನ ಚಿತ್ರ ಅಚ್ಚಾಗಿತ್ತು, ಆದರೆ ಪ್ರಿನ್ಸಿಪಾಲರ ತಲೆಯ ಹಿಂದೆ ನನ್ನ ಎಡಗಿವಿ ಮಾತ್ರ ಬಂದಿತ್ತು. ಅಂಥವನಿಗೆ ಇಡೀ ಕಲ್ಲು ಸಿಗುತ್ತದೆಂದರೆ ಸಂಡಿಗೆ ಯಾವ ಲೆಕ್ಕ?

ಮುಂದಿನ ಭಾನುವಾರಗಳೆಲ್ಲ ಮೀಸೆಗೆ ಬಣ್ಣ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಗದ್ದ ಮೇಲೆತ್ತಿ ಕುಳಿತೆ. ಚಿತ್ತಯ್ಯನಿಗೆ ಇದಾವುದರ ಮೇಲೂ ಕಣ್ಣಿಲ್ಲ. ಅರ್ಧ ಹೊತ್ತು ಬೀಡಿ ಸೇದುವನು, ಇನ್ನರ್ಧ ಹೊತ್ತು ಕಲ್ಲಿಗೆ ಕಿವಿ ಹಚ್ಚುವನು. ಸರ್ಕಾರಿ ಫೈಲುಗಳನ್ನು ವರ್ಷಗಟ್ಟಲೆ ನೋಡಿದ ನನಗೆ, ಕೆಲಸ ಮಾಡದಿರುವುದಕ್ಕೆ ಇಷ್ಟು ಗಂಭೀರವಾದ ಮುಖ ಇರಬಹುದೆಂದು ಗೊತ್ತಿರಲಿಲ್ಲ. ಹೆಚ್ಚಾಗಿ ನನ್ನ ಹಿಂದುಗಡೆಯೇ ಸುಳಿಯುತ್ತಿದ್ದ; ಬೆಳಕು ನೋಡುತ್ತಿದ್ದಾನೆಂದುಕೊಂಡೆ. ಸರೋಜ ಕಾಫಿ ತಂದು, ಅದೂ ಇದೂ ಹೇಳಿ ಹೋಗುವಾಗ ಮಾತ್ರ ಅವನು ಚುರುಕಾಗಿ ಗೀಚಿಕೊಳ್ಳುತ್ತಿದ್ದ.

"ಮೂಗು ಎಲ್ಲಿಗೆ ಬಂತಪ್ಪ?" ಎಂದು ಒಂದು ದಿನ ಕೇಳಿದೆ.

"ಮೂಗು ತೆಗ್ದೆ ಸಾ."

"ತೆಗೆದೆಯಾ! ಯಾಕೆ?"

"ಕುರಿ ಉಣ್ಣೆ ಕತ್ತರಿಸ್ದಂಗೆ ಸಾ ಇದು. ಬೇಡಾದ್ದೆಲ್ಲ ತೆಗೀತಾ ಹೋಗ್ಬೇಕು. ಚರ್ಮ ಸಿಕ್ಕಿದ್ ಕೂಡ್ಲೆ ಕೈ ನಿಲ್ಲಿಸ್ಬೇಕು. ಕಲೆ ಅಂದ್ರೆ ಅಷ್ಟೇಯ."

"ಕತ್ತರಿಸಿದ ಮೇಲೂ ಕುರಿಗೆ ಮೂಗಿರುತ್ತದಲ್ಲಯ್ಯ!" ಎಂದೆ. ಅವನು ನಕ್ಕು ಇನ್ನೊಂದು ಬೀಡಿ ಹಚ್ಚಿದ. ಉತ್ತರವಿಲ್ಲದವರು ಹೊಗೆ ಬಿಟ್ಟರೆ ಅದಕ್ಕೆ ತತ್ವಜ್ಞಾನ ಎನ್ನುತ್ತಾರೆ.

ಕೊನೆಗೆ ಚಿತ್ರದುರ್ಗದಲ್ಲಿ ಪ್ರದರ್ಶನ ಎಂದಾಯಿತು. ಅಲ್ಲಿಯವರೆಗೆ ಕಲ್ಲಿಗೆ ಕಂಬಳಿ ಹೊದಿಸಿದ್ದ, ನನಗೂ ತೋರಿಸಲಿಲ್ಲ. ಮೂಗಿನ ಮಾತನ್ನು ತಮಾಷೆಗೆ ಹೇಳಿರಬೇಕೆಂದು ನಂಬಿದ ನಾನು ಸರೋಜಳ ಜೊತೆಗೆ ಆಫೀಸಿನವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋದೆ.

ಚಿತ್ತಯ್ಯ ಕಂಬಳಿ ಸರಿಸಿದ. ಕಲ್ಲಿಗೆ ಮುಖವಿಲ್ಲ, ಮೀಸೆಯಿಲ್ಲ, ಕೈಯಿಲ್ಲ. ಮೊಣಕಾಲೆತ್ತರದ, ಸ್ವಲ್ಪ ಬಾಗಿದ, ನುಣ್ಣನೆಯ ಒಂದು ಗುಂಡು. ನಮ್ಮ ಅಟೆಂಡರ್ ತಿಪ್ಪೇಸ್ವಾಮಿ ಒಂದು ಸುತ್ತು ಹಾಕಿ ಬಂದು, "ಮುದ್ದೆ ಏನೋ ಐತೆ, ಸಾರೇ ಇಲ್ವಲ್ರೀ!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ನನ್ನ ಮೈ ಉರಿದುಹೋಯಿತು. "ಇದು ಕಲೆಯಂತೆ! ನಮ್ಮೂರ ರಸ್ತೆ ಕಂಟ್ರಾಕ್ಟರು ದಿನಾ ಇಂಥ ನೂರು ಕಲೆ ಲಾರಿಯಿಂದ ಸುರಿಯುತ್ತಾನೆ. ಧೈರ್ಯವಿದ್ದರೆ ಇದರಲ್ಲಿ ನಾನೆಲ್ಲಿದ್ದೇನೆ ತೋರಿಸಯ್ಯ!" ಎಂದು ಗದರಿದೆ. ಚಿತ್ತಯ್ಯ ತಲೆ ತಗ್ಗಿಸಿ ನಿಂತ. ಅದನ್ನು ನೋಡಿ ನನಗೆ ಸಂತೋಷವೇ ಆಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಸರೋಜ ಜನರ ನಡುವಿನಿಂದ ಮುಂದೆ ಬಂದಳು. ಕಲ್ಲಿನ ಬಾಗಿದ ಭಾಗದ ಮೇಲೆ ಅಂಗೈ ಇಟ್ಟು, "ಇದು ಇವರೇ" ಎಂದಳು.

"ಇದರಲ್ಲಿ ನನ್ನ ಯಾವ ಭಾಗ ಕಂಡಿತೇ ನಿನಗೆ?"

"ಬೆನ್ನು ಕಣ್ರೀ. ಮದುವೆಯಾದಾಗಿಂದ ನಾನು ಮಾತಾಡ್ತಿರೋದು ಇದರ ಜೊತೆನೇ ಅಲ್ವಾ? ಕಾಫಿ ಕೊಟ್ರೂ ಇದೇ, ಅಳ್ತಾ ಏನಾದ್ರೂ ಹೇಳಿದ್ರೂ ಇದೇ. ನನಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗುತ್ತೆ?"

ತಿಪ್ಪೇಸ್ವಾಮಿ ಗೋಡೆ ನೋಡಿದ. ಚಿತ್ತಯ್ಯ ಮೆಲ್ಲಗೆ, "ಅಕ್ಕಾರು ಮಾತಾಡುವಾಗ ನೀವು ಆ ಕಡೆ ತಿರುಗ್ತಿದ್ರಿ ಸಾ. ಚರ್ಮ ಅಲ್ಲೇ ಸಿಕ್ತು, ಕೈ ನಿಲ್ಲಿಸ್ದೆ" ಎಂದ.

ವಾಪಸು ಬರುವಾಗ ಟೆಂಪೋದ ಕಿಟಕಿಗೆ ಮುಖ ಕೊಟ್ಟು ಕೂತಿದ್ದೆ. ಪಕ್ಕದಲ್ಲಿ ಸರೋಜ, ಹೊಸದುರ್ಗದಲ್ಲಿ ತಂಗಿ ಕಟ್ಟಿಸುತ್ತಿರುವ ಮನೆಯ ವಿಷಯ ಶುರು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಯಾವ ಕಡೆ ತಿರುಗಿದ್ದೇನೆಂದು ನೆನಪಾಯಿತು. ಕಷ್ಟಪಟ್ಟು ಇಡೀ ಮೈ ತಿರುಗಿಸಿ, ಅವಳ ಮುಖವನ್ನೇ ನೋಡುತ್ತ, "ಹೂಂ, ಆಮೇಲೆ?" ಎಂದೆ.

ಅವಳು ಗಾಬರಿಯಿಂದ ಮಾತು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ರೀ, ಹುಷಾರಿಲ್ವಾ?"