ಭಾವನವರ ಎದುರು ಹೂಂ ಎನ್ನಬೇಡಿ

ನಮ್ಮ ಭಾವನವರ ಎದುರು ‘ಹೂಂ’ ಎಂದವರು ಕೆಟ್ಟರು! ಹಾಗಾದರೆ ಸುಮ್ಮನಿದ್ದವರು ಬದುಕಿದರೇ? ಅವರು ಇನ್ನೂ ಕೆಟ್ಟರು.

ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಭಾವನವರ ಪಕ್ಕದ ಮನೆಯಲ್ಲಿ ಘಾನಾ ದೇಶದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಕೋವಿಡ್ ಕಾಲದಲ್ಲಿ ಬೇಲಿಯ ಆಚೆ ಅವರು, ಈಚೆ ಇವರು ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಆಫ್ರಿಕಾದ ಜೇಡ, ಆಮೆ, ಆಕಾಶದೇವರ ಕಥೆಗಳನ್ನೆಲ್ಲ ಹೇಳಿದರು. ಕೇಳುವವರು ದನಿಗೂಡಿಸದಿದ್ದರೆ ಅವರ ಊರಲ್ಲಿ ಕಥೆ ಮುಂದಕ್ಕೆ ಹೋಗುವುದಿಲ್ಲವಂತೆ.

“ನಮ್ಮಲ್ಲಿ ಹೂಂಗುಟ್ಟೋದು ಅಂತಾರಲ್ಲೋ, ಅದೇ!” ಎಂದು ಭಾವ ಕುಣಿದಾಡಿದರು. ಅಂದಿನಿಂದ ನೀವು ಹೂಂ ಎಂದರೆ ಕಥೆ ಮುಂದುವರಿಯುತ್ತದೆ. ಎನ್ನದಿದ್ದರೆ ಮೊದಲಿನಿಂದ ಶುರುವಾಗುತ್ತದೆ!

ಒಮ್ಮೆ ಇಂಟರ್ನೆಟ್ ಕೆಟ್ಟಿತೆಂದು ಭಾವ ಕಂಪನಿಗೆ ಫೋನು ಮಾಡಿದರು. ಆ ಕಡೆಯ ಹೆಣ್ಣುಮಗಳಿಗೆ ಮಾತಿಗೊಮ್ಮೆ ‘ಅಹಾಂ’ ಎನ್ನುವ ಅಭ್ಯಾಸ. ಇಷ್ಟು ಸಾಲದೇ? ಆಕಾಶದಿಂದ ಬಿದ್ದು ಒಡೆದ ಆಮೆಯ ಚಿಪ್ಪನ್ನು ಚೂರುಚೂರಾಗಿ ಜೋಡಿಸುವವರೆಗೂ ಕಥೆ ನಡೆಯಿತು. ಚಿಪ್ಪು ರಿಪೇರಿಯಾಯಿತು, ಇಂಟರ್ನೆಟ್ ಆಗಲಿಲ್ಲ!

“ಇವರನ್ನ ಅಂಗಡಿಗೆ ಕಳಿಸಿದ್ರೆ ಕೊತ್ತಂಬರಿ ಸೊಪ್ಪು ಮನೆ ಸೇರೋಷ್ಟರಲ್ಲಿ ಬಾಡಿರತ್ತೆ ಕಣೋ,” ಎಂದು ಅಕ್ಕ ಗೊಣಗುತ್ತಾಳೆ.

ನಾನೋ, ಐದಕ್ಕೆ ಎದ್ದು, ಆರಕ್ಕೆ ಕಾಫಿ, ಆರೂವರೆಗೆ ವಾಕಿಂಗ್ ಎಂದು ಬದುಕಿದವನು. ಅದಕ್ಕೇ ನಮ್ಮ ಕನ್ನಡಿಗರ ಯುಗಾದಿ ಸಮಾರಂಭದಲ್ಲಿ ಸಮಯಕ್ಕೆ ಸರಿಯಾಗಿ ಗಂಟೆ ಬಾರಿಸುವ ಕೆಲಸ ನನ್ನದು. ಭಾವನವರಿಗೆ ಸಿಕ್ಕಿದ್ದು ಐದು ನಿಮಿಷ. ಲೋಕದ ಬುದ್ಧಿಯನ್ನೆಲ್ಲ ಮಡಕೆಗೆ ತುಂಬಿದ ಜೇಡ, ಅದನ್ನು ಹೊಟ್ಟೆಗೆ ಕಟ್ಟಿಕೊಂಡು, ಬಚ್ಚಿಡಲು ಮರ ಹತ್ತುವ ಕಥೆ. ಸಭೆ ಹೂಂ ಎನ್ನಲಿಲ್ಲ. ಮೊದಲಿನಿಂದ! ಮತ್ತೆ ಮೊದಲಿನಿಂದ!

“ಅಂಕಲ್, ಜೇಡನ್ನ ಸ್ಕಿಪ್ ಮಾಡಿ, ಲಂಚ್ ರೆಡಿ ಇದೆ!” ಎಂದು ಯಾರೋ ಕೂಗಿದರು.

ಮೂರನೆಯ ಸಲ ಜೇಡ ಮರದ ಬುಡದಲ್ಲಿ ಜಾರುತ್ತಿದ್ದಾಗ ಐದು ನಿಮಿಷವಾಯಿತು. ಗಂಟೆ ಬಾರಿಸಿಬಿಟ್ಟೆ.

ಪಕ್ಕದಲ್ಲಿದ್ದ ಹುಡುಗಿ ನಗುತ್ತ, “ಅವರು ನಿಮ್ಮ ರಿಲೇಟಿವ್ವಾ ಅಂಕಲ್?” ಎಂದಳು.

“ಇಲ್ಲಮ್ಮ, ಪರಿಚಯ ಅಷ್ಟೆ.”

ತಿರುಗಿದರೆ, ವೇದಿಕೆ ಇಳಿದು ಬಂದ ಭಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಊಟವಾಗಿ ಕಾರು ಹತ್ತಿದೆವು. ನಾನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಭಾವನೇ, “ದಾರೀಲಿ ಹತ್ತು ನಿಮಿಷ ನಿಲ್ಲಿಸ್ತೀಯಾ?” ಎಂದರು.

ನಿಲ್ಲಿಸಿದ್ದು ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರ ಮುಂದೆ. ಒಳಗೆ ಕಿಟಕಿಯ ಬಳಿ ಘಾನಾದ ಮೇಷ್ಟ್ರು! ಈಗ ಅವರಿಗೆ ಮಗಳ ಹೆಸರೂ ನೆನಪಿಲ್ಲವಂತೆ. ಭಾವ ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಅದೇ ಜೇಡದ ಕಥೆ ತೆಗೆದರು. ನಾನು ಗಂಟೆ ಬಾರಿಸಿದ ಜಾಗಕ್ಕೆ ಬಂದು, ಬೇಕೆಂದೇ ನಿಲ್ಲಿಸಿದರು. ಮೇಷ್ಟ್ರು ಗದ್ದವೆತ್ತಿದರು. ಕಥೆಯಲ್ಲಿ ಜೇಡನ ಪುಟ್ಟ ಮಗ ಹೇಳುವ ಮಾತನ್ನು ತಾವೇ ಹೇಳಿದರು:

“ಅಪ್ಪಾ, ಮಡಕೆಯನ್ನು ಬೆನ್ನಿಗೆ ಕಟ್ಟಿಕೋ!”

ಇಬ್ಬರೂ ಮಕ್ಕಳಂತೆ ನಕ್ಕರು. ಆಮೇಲೆ ಮೇಷ್ಟ್ರು, “ಒಳ್ಳೆಯ ಕಥೆ. ಯಾರದು?” ಎಂದು ಕೇಳಿದರು.

“ನಿಮ್ಮದೇ ಸರ್. ನಾನು ಇಟ್ಟುಕೊಂಡಿದ್ದೆ, ಅಷ್ಟೆ.”

ಕಂಡಕಂಡವರಿಗೆಲ್ಲ ಭಾವ ಕಥೆ ಹೇಳುತ್ತ ತಿರುಗಿದ್ದು ತಾವೂ ಮರೆತುಬಿಟ್ಟೇವೆಂಬ ಭಯಕ್ಕೆ! ನಾನು ಅದಕ್ಕೆ ಗಂಟೆ ಬಾರಿಸಿದ್ದೆ.

ಮೇಷ್ಟ್ರು ನನ್ನತ್ತ ಬೆರಳು ತೋರಿಸಿದರು. “ಇವರ್ಯಾರು?”

ಮುಖ ಎಲ್ಲಿಟ್ಟುಕೊಳ್ಳಲಿ? ವಾಚು ನೋಡಿಕೊಂಡೆ.

ಭಾವ ತಡಮಾಡಲಿಲ್ಲ. “ನನ್ನ ಹೆಂಡತಿಯ ತಮ್ಮ. ನಮ್ಮವನು.” ಮತ್ತೆ ನನ್ನ ಕಡೆ ತಿರುಗಿ, “ಇನ್ನೊಂದು ಹೇಳ್ಲೇನೋ? ನಿಂಗೆ ಟೈಮಿದ್ಯಾ?” ಎಂದರು.

“ಹೂಂ,” ಎಂದೆ.