ತಟ್ಟೆಯ ಫೋಟೋ ಹಾಕಿ

ನನ್ನ ಫೋನು ಒಂದು ದಿನ ಸುಮ್ಮನಿದ್ದರೆ ಅವತ್ತು ಟವರ್ ಕೆಟ್ಟಿದೆ ಎಂದೇ ಲೆಕ್ಕ. ಹೃದಯದ ಕಾಯಿಲೆ ಬಾರದಂತೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಕೂತು ಹೇಳುವ ಕೆಲಸ ನನ್ನದು. ಸೋಮವಾರ ಕಡೂರು, ಬುಧವಾರ ತರೀಕೆರೆ, ಶುಕ್ರವಾರ ಅಜ್ಜಂಪುರ. ಉಳಿದ ದಿನ ವರದಿ ಬರೆಯುವುದು, ಬಸ್ಸಿನಲ್ಲಿ ನಿಂತು ನಿಂತು ಹಿಡಿದುಕೊಂಡ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದು. ಮೊದಲು ನಾನು ಬಾಯಲ್ಲಿ ಹೇಳುತ್ತಿದ್ದೆ, ಜನ ಬಾಯಲ್ಲೇ ಹೂಂ ಅನ್ನುತ್ತಿದ್ದರು. ಆಮೇಲೆ ಮೇಲಿನವರು ಒಂದು ಆ್ಯಪ್ ಕೊಟ್ಟರು. ತಟ್ಟೆಯ ಫೋಟೋ ಹಾಕಿದರೆ ಅದು ಯಾವ ಊಟ ಎಂದು ತಾನೇ ಗುರುತಿಸಿ, ಒಳ್ಳೆಯದಾದರೆ ಹಸಿರು, ಕೆಟ್ಟದಾದರೆ ಕೆಂಪು ತೋರಿಸುತ್ತದೆ. ಫೋಟೋ ನನಗೂ ಬರುತ್ತದೆ. ಇದರಿಂದ ನಿಮ್ಮ ಕೆಲಸ ಅರ್ಧವಾಗುತ್ತದೆ ಎಂದರು. ಅರ್ಧವಾದದ್ದು ನನ್ನ ಊಟದ ಹೊತ್ತು.

ಹಸಿರು ತಟ್ಟೆ

ಕಡೂರಿನಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರು, ಸ್ಟೆಂಟ್ ಹಾಕಿಸಿಕೊಂಡವರು. ದಿನಾ ತಪ್ಪದೆ ಫೋಟೋ ಹಾಕುತ್ತಿದ್ದರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಸೊಪ್ಪಿನ ಸಾರು, ಸೌತೆಕಾಯಿ ಹೋಳು. ನೋಡಿದಾಗಲೆಲ್ಲ ಹಸಿರು. ನಾನು ಬೇರೆಯವರಿಗೆಲ್ಲ ಅವರ ತಟ್ಟೆ ತೋರಿಸಿ ಬುದ್ಧಿ ಹೇಳುತ್ತಿದ್ದೆ.

ತಪಾಸಣೆಗೆ ಬಂದರು. ತೂಕ ಏರಿತ್ತು, ಕೊಲೆಸ್ಟ್ರಾಲೂ ಏರಿತ್ತು. ಒಂದೊಂದು ಸಲ ಮಿಷನ್ನೇ ಕೆಟ್ಟಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ಹೋದ ಸಲಕ್ಕಿಂತ ತೆಳ್ಳಗೆ ಕಂಡರು. ಬಂದದ್ದು ಬಂದಿದ್ದೀರಿ ಎಂದು ಅವರ ಬಿಪಿ ನೋಡಿದೆ. ಸದಾ ಏರಿರುತ್ತಿದ್ದದ್ದು ಸರಿಯಾಗಿ ಕೂತಿತ್ತು. ಏನು ಮಾಡಿದಿರಿ ಎಂದು ಕೇಳಿದೆ.

"ಏನೂ ಇಲ್ಲ ಮೇಡಂ. ಇವ್ರು ಫೋಟೋ ತೆಗೆದು ತಟ್ಟೆ ಪಕ್ಕಕ್ಕೆ ತಳ್ಳಿ ಪೂರಿ ತಿಂತಾರೆ. ಮಾಡಿದ್ದನ್ನ ಚೆಲ್ಲಕ್ಕಾಗುತ್ತಾ? ನಾನು ತಿಂತೀನಿ."

ಆ ಮನೆಯಲ್ಲಿ ಒಳ್ಳೆಯ ಸುಧಾರಣೆ ಕಂಡುಬಂದಿದೆ ಎಂದು ವರದಿ ಬರೆದೆ. ಯಾರಲ್ಲಿ ಎಂದು ಮೇಲಿನವರು ಕೇಳಲಿಲ್ಲ.

ಡ್ಯಾಮಿನಲ್ಲಿ ಇಲ್ಲದವರು

ಆ್ಯಪ್ ಬರೀ ಬಣ್ಣ ತೋರಿಸಿ ಬಿಡುವುದಿಲ್ಲ, ಸಲಹೆಯನ್ನೂ ಕೊಡುತ್ತದೆ. ಎಲ್ಲಿ ಹುಟ್ಟಿದ್ದೋ ಏನೋ, ಲಕ್ಕವಳ್ಳಿಯ ಒಬ್ಬರಿಗೆ ಹೃದಯಕ್ಕೆ ಒಳ್ಳೆಯದು, ವಾರಕ್ಕೆರಡು ಸಲ ಸಾಲ್ಮನ್ ಮೀನು ತಿನ್ನಿ ಎಂದು ಹೇಳಿತು. ಅವರು ಭದ್ರಾ ಡ್ಯಾಮಿನಲ್ಲಿ ಗೇಟ್ ಕೆಲಸ ಮಾಡಿ ರಿಟೈರ್ ಆದವರು. ಶಿಸ್ತಿನ ಮನುಷ್ಯ. ಮೀನು ಹಿಡಿಯುವವರನ್ನೆಲ್ಲ ವಿಚಾರಿಸಿಕೊಂಡು ಬಂದು ನನ್ನೆದುರು ಕೂತರು.

"ಆ ಹೆಸರಿನೋರು ನಮ್ಮ ಡ್ಯಾಮಲ್ಲಿ ಯಾರೂ ಇಲ್ಲ ಮೇಡಂ. ಕಾಟ್ಲ ಅವೆ, ರೋಹು ಅವೆ. ಈ ಸಾಲ್ಮನ್ನೋರೇನಾದ್ರೂ ಟ್ರಾನ್ಸ್‌ಫರ್ ಆಗಿ ಬಂದ್ರೆ ಫೋನ್ ಮಾಡ್ತೀನಿ."

ಹತ್ತಿರದ ನೀರಿನಲ್ಲಿ ಸಿಗುವ ಮೀನೇ ಸಾಕು, ಕರಿಯಬೇಡಿ, ಸಾರು ಮಾಡಿ, ಜೊತೆಗೆ ಹುರುಳಿ, ನುಗ್ಗೆಸೊಪ್ಪು ಇರಲಿ ಎಂದೆ. ಅವರಿಗೆ ಅನುಮಾನ ಹೋಗಲಿಲ್ಲ. ಇಷ್ಟೇ ಆಗಿದ್ದರೆ ನಮ್ಮಮ್ಮನೇ ಹೇಳುತ್ತಿದ್ದರಲ್ಲ, ಇದಕ್ಕೆ ಇಂಟರ್‌ನೆಟ್ ಯಾಕೆ ಬೇಕಿತ್ತು ಎಂದರು.

ಊಟ ಆಯ್ತಾ

ಫೋಟೋ ತೆಗೆಯಲು ಬಾರದವರಿಗೆ ದಿನಾ ಮಧ್ಯಾಹ್ನ ಒಂದು ಕರೆ ಹೋಗುತ್ತದೆ. ಅದು ನನ್ನ ದನಿಯಲ್ಲೇ ರೆಕಾರ್ಡ್ ಆದದ್ದು. "ನಮಸ್ಕಾರ, ಊಟ ಆಯ್ತಾ? ಉಪ್ಪು ಕಡಿಮೆ ಹಾಕಿದಿರಾ? ಎಣ್ಣೆ ಕಡಿಮೆ ಹಾಕಿದಿರಾ?" ಅಷ್ಟೇ.

ಒಂದು ಶುಕ್ರವಾರ ಅಜ್ಜಂಪುರದಲ್ಲಿ ಒಬ್ಬರು ಅಜ್ಜಿ ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ದಿನಾ ಫೋನ್ ಮಾಡುವ ಹುಡುಗಿ ಯಾರು ಎಂದು ಆಸ್ಪತ್ರೆಯ ಬಾಗಿಲಲ್ಲಿ ಕೇಳುತ್ತಿದ್ದರು. ನಾನೇ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹುಡುಗಿ ಇಷ್ಟು ವಯಸ್ಸಾದವಳು ಎಂದುಕೊಂಡಿರಲಿಲ್ಲವೇನೋ.

"ದಿನಾ ನನ್ನ ಊಟ ಕೇಳ್ತೀಯ ತಾಯಿ. ನಿಂದಾಯ್ತಾ ಅಂತ ನಾನೂ ದಿನಾ ಕೇಳ್ತೀನಿ. ಒಂದಿನಾನೂ ಹೂಂ ಅನ್ನಲಿಲ್ಲ ನೀನು. ಉಪವಾಸ ಇದ್ಕಂಡು ದುಡೀತಾಳೆ ಮಗು ಅಂತ ಹೊಟ್ಟೆ ಉರೀತು ಕಣವ್ವ."

ಅದು ರೆಕಾರ್ಡು ಎಂದು ಹೇಳಲು ಮನಸ್ಸು ಬರಲಿಲ್ಲ. ನಿಜಕ್ಕೂ ಅವತ್ತು ಊಟವಾಗಿರಲಿಲ್ಲ. ಹಾಗೆ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಅವರೆದುರೇ ಕೂತು ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನೆಲ್ಲ ತಿಂದೆ, ಕಣ್ಣಲ್ಲಿ ಸ್ವಲ್ಪ ನೀರೂ ಬಂತು. ಉಪ್ಪು ಎಣ್ಣೆ ಎರಡೂ ಧಾರಾಳವಾಗಿದ್ದವು.

ಸ್ಪೀಕರ್

ತರೀಕೆರೆಯಲ್ಲಿ ಒಬ್ಬರು ಟೈಲರ್ ಸಾಹೇಬರು. ಬೈಪಾಸ್ ಆದಮೇಲೆ ನನ್ನನ್ನು ಕೇಳದೆ ನೀರೂ ಕುಡಿಯುವುದಿಲ್ಲ. ನೆಂಟರ ಮದುವೆಗೆ ಹೋದವರು ಶಾದಿ ಮಹಲಿನಿಂದಲೇ ವಿಡಿಯೋ ಕಾಲ್ ಮಾಡಿ, ಮುಂದೆ ಬಿರಿಯಾನಿ ಬಂದಿದೆ, ಏನು ಅಪ್ಪಣೆ ಎಂದು ಕೇಳಿದರು. ಕೊಬ್ಬಿಲ್ಲದ ತುಂಡು ಎರಡು, ಅನ್ನ ಸ್ವಲ್ಪ, ಮೊಸರು ಈರುಳ್ಳಿ ಜಾಸ್ತಿ ಎಂದೆ. ಅವರು ಸ್ಪೀಕರ್ ಹಾಕಿದ್ದರು.

ಆಮೇಲೆ ಫೋನು ಪಂಕ್ತಿಯುದ್ದಕ್ಕೂ ಹೋಯಿತು. ಒಬ್ಬರಾದ ಮೇಲೆ ಒಬ್ಬರು ತಟ್ಟೆ ತೋರಿಸಿ ಸಕ್ಕರೆ ಕಾಯಿಲೆಯವರು ತಿನ್ನಬಹುದಾ, ಬಿಪಿಯವರು ತಿನ್ನಬಹುದಾ ಎಂದು ಕೇಳಿದರು. ನಾನು ಬಸ್ಸಿನ ಕಂಬಿ ಹಿಡಿದು ನಿಂತು ಇಡೀ ಮದುವೆಗೆ ಉತ್ತರ ಹೇಳಿದೆ. ಕೊನೆಗೆ ಅಡುಗೆಯ ಉಸ್ತಾದರು ಫೋನು ಕಿತ್ತುಕೊಂಡರು. ಹಂಡೆಯಲ್ಲಿ ಬಿರಿಯಾನಿ ಉಳಿದದ್ದಕ್ಕೆ ಬೈಗುಳವೇ ಬೀಳುತ್ತದೆ ಎಂದುಕೊಂಡೆ. ಅವರು ಗೋಡೆಯ ಹಿಂದೆ ಹೋಗಿ ದನಿ ಇಳಿಸಿದರು.

"ಮೇಡಂ, ನನ್ಗೂ ಸ್ಟೆಂಟ್ ಐತೆ. ಮನೇಲಿ ಬರೀ ಗಂಜಿ ಕೊಡ್ತಾರೆ. ಒಂದು ಮಾತು ನೀವೇ ಹೇಳ್ಬಿಡಿ, ರುಚಿ ನೋಡೋದು ತಿಂದ ಲೆಕ್ಕಕ್ಕೆ ಬರಲ್ಲ ಅಂತ."

ಎದೆ

ಹಿರೇನಲ್ಲೂರಿನ ಕಡೆಯ ಒಬ್ಬರು ತೆಂಗಿನಕಾಯಿ ವ್ಯಾಪಾರಿ. ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿ ಕಡೂರಿಗೆ ಹೋಗುತ್ತಿದ್ದಾಗ ಅವರ ಫೋಟೋ ಬಂತು. ದುಂಡಗೆ, ಕಂದು ಬಣ್ಣ, ಮೇಲೆಲ್ಲ ನಾರು. ಕೆಳಗೆ ಆ್ಯಪಿನ ತೀರ್ಪು: ತೆಂಗಿನಕಾಯಿ, ಕೊಬ್ಬು ಹೆಚ್ಚು, ಮಿತವಾಗಿ ಸೇವಿಸಿ. ಅಂಗಡಿಯ ಕಾಯಿ ಇರಬೇಕೆಂದು ಫೋನು ಚೀಲಕ್ಕೆ ಹಾಕುತ್ತಿದ್ದೆ. ಅಷ್ಟರಲ್ಲಿ ಕಾಯಿಯ ಪಕ್ಕದಲ್ಲಿ ಅಂಗಿಯ ಗುಂಡಿ ಕಂಡಿತು. ಅದು ಅವರ ಎದೆ.

ತಕ್ಷಣ ಫೋನ್ ಮಾಡಿದೆ. ಬೆಳಗಿನಿಂದ ಎದೆ ಹಿಂಡುತ್ತಿದೆ, ಬೆವರು ಬರುತ್ತಿದೆ ಎಂದು ನಿಧಾನವಾಗಿ ಹೇಳಿದರು. ಮುದ್ದೆ ನೋಡಿ ಹೇಳುವ ಫೋನು ಎದೆ ನೋಡಿ ಹೇಳುವುದಿಲ್ಲವೇ ಎಂದು ಫೋಟೋ ಹಾಕಿದ್ದರಂತೆ. ಮಿತವಾಗಿ ಎಂದರೆ ಏನೆಂದು ತಿಳಿಯದೆ ಕೂತಿದ್ದರಂತೆ. ಫೋನು ಹೆಂಡತಿಗೆ ಕೊಡಿ ಎಂದು ಕೂಗಿದೆ. ಬಸ್ಸೆಲ್ಲ ನನ್ನ ಕಡೆ ತಿರುಗಿತು. ಇದು ಹೃದಯದ್ದೇ, ಸಿಕ್ಕಿದ ಗಾಡಿಯಲ್ಲಿ ಈಗಲೇ ಕಡೂರು ಆಸ್ಪತ್ರೆಗೆ ಕರೆತನ್ನಿ ಎಂದೆ. ಆಕೆ ಒಂದು ಮಾತೂ ಹೆಚ್ಚಿಗೆ ಕೇಳದೆ ಪಕ್ಕದವರ ಲಗೇಜ್ ಆಟೋ ಹೊರಡಿಸಿ, ಗಂಡನನ್ನು ಕಾಯಿ ಮೂಟೆಗೆ ಒರಗಿಸಿ ಕೂರಿಸಿಕೊಂಡು ಕಡೂರಿಗೆ ಬಂದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಅವರು ಮನೆಗೆ ಬಂದರು ಎನ್ನುವ ಸುದ್ದಿ ಸಿಗುವವರೆಗೂ ಫೋನು ಟಿಣ್ ಎಂದಾಗಲೆಲ್ಲ ಅವರದೇನಾ ಎಂದು ಮೊದಲು ತೆಗೆದು ನೋಡುತ್ತಿದ್ದೆ.

ಚೇತರಿಸಿಕೊಂಡ ಮೇಲೆ ಇಬ್ಬರೂ ಬಂದರು. ಎದೆನೋವಿಗೆ ಫೋಟೋ ಅಲ್ಲ, ಆಂಬುಲೆನ್ಸ್ ಎಂದು ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮುಖ ಸಪ್ಪಗೇ ಇತ್ತು. ನೋವಿದೆಯಾ ಎಂದು ಕೇಳಿದೆ. ನೋವೇನಿಲ್ಲ, ಹುಟ್ಟಿದಾಗಿನಿಂದ ತೆಂಗಿನ ವ್ಯಾಪಾರ ಮಾಡಿದವನ ಎದೆಯನ್ನೇ ತೆಂಗಿನಕಾಯಿ ಅಂದುಬಿಟ್ಟಿತಲ್ಲ, ಅದೇ ಬೇಜಾರು ಎಂದರು.

ಹೆಂಡತಿ ಮಾತ್ರೆಯ ಚೀಲ ಮಡಚುತ್ತ ತಲೆ ಎತ್ತದೆ ಹೇಳಿದರು.

"ಸರಿಯಾಗೇ ಹೇಳೈತೆ ಬಿಡಿ. ಮೇಲೆ ನಾರು, ಒಳಗೆ ಕೊಬ್ಬು. ಶಿವಮೊಗ್ಗದ ಡಾಕ್ಟ್ರು ನರದೊಳಗೆ ತಂತಿ ಹಾಕಿ ನೋಡಿ ಹೇಳಿದ್ದೂ ಇದನ್ನೇ ತಾನೆ?"