ಗಾಜಿನೊಳಗಿನ ದಿಂಡಿ

ನಂಬುವುದಿಲ್ಲ ಅಂತೀರಾ? ಕಟ್ಟಿ ಪಂದ್ಯ. ಭೀಮಾ ನದಿ ತುಂಬಿ ಹರಿಯುವಾಗ ಈ ದಂಡೆಯಿಂದ ಆ ದಂಡೆಗೆ ಈಜಿದವನು ನಾನು. ಬರಿಗೈಯಲ್ಲಿ ಮೊಳದುದ್ದದ ಮೀನು ಹಿಡಿದವನು. ಅಂಥವನನ್ನು ಪುಣೆಯಲ್ಲಿ, ಕಾತ್ರಜದ ಒಂದು ಮನೆಯ ಪಡಸಾಲೆಯಲ್ಲಿ, ಕಿರುಬೆರಳಿನಷ್ಟೂ ಇಲ್ಲದ ಮೀನುಗಳು ಮತ್ತೆ ಮತ್ತೆ ತಲೆ ತಗ್ಗಿಸಿ ನಿಲ್ಲುವಂತೆ ಮಾಡಿದವು. ಮೀನು ಸಾಕಿದ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವಂತೆ. ಹಾಗಂತ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ನಾನು ಫರಸಿ, ಅಂದರೆ ನೆಲದ ಹಾಸುಗಲ್ಲು, ಕೂಡಿಸುವವನು. ಮನೆಯ ಮಾಲಕರು ಬೆಳಗಾವಿ ಕಡೆಯವರು, ಬಸ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಕೊರಳಲ್ಲಿ ತುಳಸಿಮಾಲೆ, ಆಷಾಢ ಬಂತೆಂದರೆ ಗಂಡ ಹೆಂಡತಿ ಸಂತರ ಪಲ್ಲಕ್ಕಿಯ ಹಿಂದೆ ಪಂಢರಪುರಕ್ಕೆ ನಡೆದೇ ಹೋಗುವವರು; ಆ ಯಾತ್ರೆಗೆ ವಾರಿ ಅಂತಾರೆ. ಅವರನ್ನು ಕಾಕಾ ಅಂತೀನಿ, ಹೆಂಡತಿಯನ್ನು ಕಾಕು. ನಾನಿದ್ದದ್ದು ಅವರ ಹಿತ್ತಲಿನ ತಗಡಿನ ಖೋಲಿಯಲ್ಲಿ. ಅವರ ಮನೆಯ ಮೇಲೆ ಇನ್ನೊಂದು ಖೋಲಿ ಖಾಲಿ ಇತ್ತು, ಒಳಗೇ ನೀರಿನ ನಳ. ಹೊಸದಾಗಿ ಲಗ್ನವಾದ ನನ್ನ ಹೆಂಡತಿ ಊರಲ್ಲಿದ್ದಳು. "ಮ್ಯಾಲಿನ ಖೋಲಿ ಸಿಕ್ಕದ, ಬಣ್ಣ ಹಚ್ಚಸಲಿಕ್ಕ ಹತ್ತೀನಿ" ಅಂತ ಅವಳಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಕಾಕಾನ ಮುಂದೆ ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ಒಂದೇ ಹುಲಿ

ಕಾಕಾನ ಪಡಸಾಲೆಯಲ್ಲಿ ಉದ್ದನೆಯ ಫಿಶ್ ಟ್ಯಾಂಕ್. ಅದರಲ್ಲಿ ನೀಲಿ ಗೆರೆಯ ಜೀಬ್ರಾ ಮೀನುಗಳ ಹಿಂಡು. ನಿಂತವು ಅನ್ನುವಂತಿಲ್ಲ, ಎಲ್ಲವೂ ಕೂಡಿಯೇ ಹೋಗುತ್ತವೆ, ಕೂಡಿಯೇ ತಿರುಗುತ್ತವೆ. "ವರ್ಷಪೂರ್ತಿ ವಾರಿ ಇರಂಗಿಲ್ಲಲ್ಲ ತಮ್ಮಾ. ಇವು ನಡೀತಾವ, ನಾ ಕೂತು ನೋಡ್ತೀನಿ" ಅನ್ನುತ್ತಿದ್ದರು ಕಾಕಾ.

ನಾನೇನು ಕಮ್ಮಿ ಅಂತ ಅಂಗಡಿಗೆ ಹೋಗಿ ಅಂಥದ್ದೇ ಒಂದು ಮೀನು ಕೇಳಿದೆ.

"ಇವು ಗುಂಪಿನ ಮೀನು. ಕಡಿಮಿ ಅಂದ್ರೂ ಅರ್ಧ ಡಜನ್ ಒಯ್ಯಿರಿ" ಅಂದ ಅಂಗಡಿಯವನು.

"ಬಳಿ ಮಾರಾಂವನೂ ಡಜನ್ ಅಂತಾನ. ಒಂದ ಕೊಡು. ಹುಲಿ ಒಂದ ಇರ್ತದ."

ನನ್ನ ಹುಲಿ ಉಪ್ಪಿನಕಾಯಿಯ ಗಾಜಿನ ಬರಣಿಯಲ್ಲಿ ಕಲ್ಲಿನ ಹಿಂದೆ ಅಡಗಿ ಕೂತಿತು. ಕಾಳು ಹಾಕಿದರೂ ಬರಲಿಲ್ಲ. ಬರಣಿ ನೋಡಿದ ಕಾಕಾ ಹೇಳಿದರು: "ವಾರ್ಯಾಗ ಕಾಲಿಗೆ ಬೊಬ್ಬಿ ಬಂದಾಂವನೂ ನಡೀತಾನ. ಯಾಕಂದ್ರ ಬಾಜೂಕ ಒಬ್ಬಾಂವ ನಡೀತಿರ್ತಾನ. ಒಬ್ಬನ್ನ ಬಿಟ್ಟರ ಕೂತ ಬಿಡ್ತಾನ." ಹುಲಿಯನ್ನು ತಮ್ಮ ಟ್ಯಾಂಕಿಗೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಅದು ಹಿಂಡಿನಲ್ಲಿ ಸೇರಿ ಗುರುತೇ ಸಿಗದಂತಾಯಿತು.

"ಯಾವುದೋ ನಿನ್ನ ಹುಲಿ?"

"ಎಲ್ಲಾರಕಿಂತ ಮುಂದ ಹೊಂಟದಲ್ರಿ, ಅದ."

ಅಷ್ಟರಲ್ಲಿ ಹಿಂಡು ಗಕ್ಕನೆ ಹಿಂದಕ್ಕೆ ತಿರುಗಿತು. ನನ್ನ ಹುಲಿ ಎಲ್ಲಕ್ಕಿಂತ ಹಿಂದಿತ್ತು.

ಜೇಲು

ದಿಂಡಿ ಅಂದರೆ ಹಾಡುತ್ತ ನಡೆಯುವ ವಾರಕರಿಗಳ ತಂಡ. ತಮ್ಮ ದಿಂಡಿಯ ಅಡುಗೆಯ ವ್ಯವಸ್ಥೆ ಮಾತಾಡಲು ಕಾಕಾ ಒಂದು ಮುಂಜಾನೆ ವಾರಿಯ ದಾರಿಯಲ್ಲಿರುವ ಸಾಸವಡಕ್ಕೆ ಹೋಗಿದ್ದರು. ಟ್ಯಾಂಕಿನಲ್ಲಿ ಒಂದು ಮೀನು ಉಳಿದವನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಜಗಳ ಬಿಡಿಸುವುದರಲ್ಲಿ ನಮ್ಮೂರಲ್ಲಿ ನನ್ನ ಹೆಸರಿದೆ. ಚಹಾದ ಸೋಸಣಿಗೆಯಿಂದ ಆ ಪುಂಡನನ್ನು ಎತ್ತಿ, ಕೈಗೆ ಸಿಕ್ಕ ತಂಬಿಗೆಯಲ್ಲಿ ನೀರು ತುಂಬಿ, ಅದರಲ್ಲಿ ಬಿಟ್ಟು ಹಿತ್ತಲಿನ ನೆರಳಿನಲ್ಲಿಟ್ಟೆ. ಸಂಜೆಯವರೆಗೆ ಜೇಲು.

ಆ ತಂಬಿಗೆ ಯಾವುದು, ಆ ನೆರಳು ಯಾವುದರದ್ದು ಅಂತ ನೋಡಿರಲಿಲ್ಲ. ಕಾಕು ಸ್ನಾನ ಮುಗಿಸಿ, ಕಣ್ಣು ಅರೆ ಮುಚ್ಚಿ, ವಿಠ್ಠಲನ ಹೆಸರು ಹೇಳುತ್ತ ಬಂದು ದಿನದಂತೆ ತಂಬಿಗೆ ಎತ್ತಿ ತುಳಸಿಗೆ ನೀರು ಹಾಕಿದರು. ನೀರಿನ ಹಿಂದೆ ಕೈದಿಯೂ ಬಂದ. ತುಳಸಿ ಎಲೆಯ ಮೇಲೆ ಪಟಪಟ ಕುಣಿಯುತ್ತಿದ್ದವನನ್ನು ನಾನು ಬೊಗಸೆಯಲ್ಲಿ ಹಿಡಿದು ಓಡಿ ಟ್ಯಾಂಕಿಗೆ ಬಿಟ್ಟೆ. ಬಿಟ್ಟ ಕೂಡಲೇ ಮತ್ತೆ ಅಟ್ಟಿಸಲು ಶುರು ಮಾಡಿದ. ಅದು ಅವುಗಳ ಆಟವಂತೆ.

ಕಾಕು ತಂಬಿಗೆ ಹಿಡಿದು ನಿಂತೇ ಇದ್ದರು. "ನಾ ಈ ಮನಿಗೆ ಬಂದಾಗಿಂದ ಮೀನ ತಿಂದವರು ಯಾರೂ ಇಲ್ಲ. ನೀ ತುಳಸಿಗೇ ತಿನಸಲಿಕ್ಕ ಹೊಂಟಿದ್ದೆಲ್ಲೋ."

ವಾರಿಯ ಪುಣ್ಯ

ಇಷ್ಟಾದರೂ ವಾರಿಗೆ ಹೊರಡುವಾಗ ಮನೆ, ಮೀನು ಎರಡನ್ನೂ ನನಗೇ ಒಪ್ಪಿಸಿದರು. ಹೆಂಡತಿ ದಿನಾ ಬಣ್ಣ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದಳು. ಧೈರ್ಯ ಮಾಡಿ ಖೋಲಿಯ ಮಾತು ತೆಗೆದೆ.

"ಮೊದಲ ಇವನ್ನ ನೋಡಿಕೋ. ಬಂದ ಮ್ಯಾಲೆ ಮಾತಾಡೋಣು" ಅಂದರು ಕಾಕಾ. "ಒಂದ ನೆನಪ ಇಡು. ಗಾಜಿನ ಮುಚ್ಚಳಾ ತಗೀಬ್ಯಾಡ. ಬಾಜೂಕಿನ ಸಂದ್ಯಾಗಿಂದ ಕಾಳ ಹಾಕು. ಇವು ಹಾರತಾವ."

"ಭೀಮಾ ದಂಡಿಯಾಂವಗ ಮೀನಿನ ಪಾಠ ಏನ್ರಿ ಕಾಕಾ" ಅಂದೆ.

ರವಿವಾರ ಕೆಲಸದ ಗೆಳೆಯರು ಬಂದರು. ನನ್ನ ಕೈಯಿಂದಲೇ ತಿನ್ನುತ್ತವೆ, ನೋಡಿ ಅಂತ ಮುಚ್ಚಳ ತೆಗೆದೆ. ಮೀನು ಚಂಗನೆ ಹಾರಿ ಕಾಳು ಕಸಿದವು. ಗೆಳೆಯರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಅಮಲಿನಲ್ಲೇ, ಮುಚ್ಚಳ ಹಾಕದೆ, ಭಜಿ ತಿನ್ನಲು ಹೊರಗೆ ಹೋದೆವು. ವಾಪಸು ಬಂದಾಗ ಓಣಿಯ ಬೆಕ್ಕು ಟ್ಯಾಂಕಿನ ಅಂಚಿನಲ್ಲಿ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ನೆಲದ ಮೇಲೆ ಬರೀ ನೀರು. ಕಲ್ಲಿನ ಹಿಂದೆ ಒಂದೇ ಒಂದು ಮೀನು ಉಳಿದಿತ್ತು. ನನ್ನ ಹುಲಿಯೇ ಇರಬೇಕು. ಅಡಗುವುದು ಅದಕ್ಕೆ ರೂಢಿಯಿತ್ತು.

ಸಂಜೆ ದಾರಿಯಿಂದ ಕಾಕಾನ ವಿಡಿಯೋ ಕಾಲ್. "ನಡೀಲಿಕ್ಕ ಹತ್ಯಾವೇನು? ತೋರಸು."

"ಲೈಟ ಹೋಗ್ಯಾವ್ರಿ, ಕಾಣಂಗಿಲ್ಲ."

"ನಿನ್ನ ತಲಿ ಮ್ಯಾಲೆ ಫ್ಯಾನ್ ತಿರಗಲಿಕ್ಕ ಹತ್ತದಲ್ಲೋ."

"ಗಾಳಿಗೆ ರೀ."

ಮರುದಿನ ಅಂಗಡಿಗೆ ಹೋಗಿ ಒಂದು ಹಿಂಡು ಕೇಳಿದೆ. "ಹುಲಿ ಒಂದ ಇರ್ತದ ಅಂದಿದ್ರಿ?" ಅಂದ ಅಂಗಡಿಯವನು. ಅದರ ಬೀಗರು ಬರುವವರಿದ್ದಾರೆ ಅಂದೆ.

ಬಿಸಿಲಿಗೆ ಕರ್ರಗಾಗಿ, ಹಿಮ್ಮಡಿ ಒಡೆಸಿಕೊಂಡು ಬಂದ ಕಾಕಾ ಚೀಲವನ್ನೂ ಇಳಿಸದೆ ಗಾಜಿನ ಮೇಲೆ ಬೆರಳಿಟ್ಟರು. ಹಳೆಯ ಹಿಂಡು ಆ ಬೆರಳು ಹೋದತ್ತ ಹೋಗುತ್ತಿತ್ತು. ಈ ಹೊಸವು ದಿಕ್ಕಾಪಾಲಾಗಿ ಮೂಲೆ ಸೇರಿದವು. ಒಂದು ಮಾತ್ರ ಬೆರಳಿನ ಹತ್ತಿರ ಬಂತು. ನನ್ನ ಹುಲಿಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

"ಭಾಳ ಕರ್ರಗ ಆಗೀರಿ ಕಾಕಾ. ಗುರುತ ಹತ್ತಿಲ್ಲ ಅವಕ್ಕ."

"ಹೌದು, ನಾ ಕರ್ರಗ ಆಗೀನಿ. ಅವು ಹೆಂಗ ಎಳೇವಾದ್ವು? ವಾರಿ ಮಾಡಿದಾಂವ ನಾನು, ಪುಣ್ಯಾ ಅವಕ್ಕ ಹತ್ತಿತೇನು?"

ಬೆಕ್ಕಿನ ಕಥೆ ಹೇಳಿದೆ. ಅವರು ಬೈದಿದ್ದರೆ ಚಲೋ ಇತ್ತು. ಕಾಲು ಕೂಡ ತೊಳೆಯದೆ ಟ್ಯಾಂಕಿನ ಮುಂದೆ ಕೂತರು. ನಾನು ಫರಸಿಯ ಸಂದಿ ನೋಡುತ್ತ ನಿಂತೆ. ಭೀಮಾ ದಾಟಿದವನಿಗೆ ಆ ಪಡಸಾಲೆ ದಾಟಿ ಹೊರಗೆ ಹೋಗಲಿಕ್ಕೆ ಆಗಲಿಲ್ಲ.

ಕೊನೆಗೆ ಕಾಕು ಪ್ರಸಾದದ ಚುರುಮುರಿ ನನ್ನ ಕೈಗೆ ಹಾಕುತ್ತ ಗಂಡನಿಗೆ ಹೇಳಿದರು: "ಇವನ ಹೆಂಡತೀನ್ನ ಕರಸ್ರಿ. ಒಬ್ಬನ್ನ ಬಿಟ್ಟರ ನೆಟ್ಟಗ ನಡಿಯಂಗಿಲ್ಲಂತ ನೀವ ಹೇಳಿದ್ರಲ್ಲ."

"ಖೋಲಿ ಕೀಲಿ ಇವನ ಕೈಯಾಗ ಕೊಡಂತೀಯೇನು?"

"ಇವನ ಕೈಯಾಗ ಯಾಕ? ಆಕಿ ಬರಲಿ."

ಹೆಂಡತಿ ಬಂದಳು. ಮೇಲೆ ಹೋಗಿ ಗೋಡೆ ಮುಟ್ಟಿ ನೋಡಿ, "ಯಾವ ಬಣ್ಣ ಹಚ್ಚಸೀರಿ?" ಅಂತ ಕೇಳಿದಳು. ಕೀಲಿಯನ್ನು ಅವಳಿಗೆ ಕೊಟ್ಟರು. ನನಗೆ ಕೊಟ್ಟಿದ್ದು ಒಂದು ಇಟ್ಟಿಗೆ, ಟ್ಯಾಂಕಿನ ಮುಚ್ಚಳದ ಮೇಲೆ ಇಡಲಿಕ್ಕೆ.